ಪ್ರೇಕ್ಷಕರ ಶಕುನಾಚರಣೆಗಳು ಮತ್ತು ಸಮುದಾಯಭಾವ

ಪಂದ್ಯವನ್ನು ನೋಡಲು ಕುಳಿತವನು ಪಂದ್ಯದ ಗತಿಯನ್ನು ಬದಲಿಸಲಾರ. ಚೆಂಡು ಅವನ ಕೈಯಲ್ಲಿಲ್ಲ. ಅವನ ಸಲಹೆ ಆಟಗಾರನ ಕಿವಿಗೆ ಮುಟ್ಟುವುದಿಲ್ಲ. ಎಷ್ಟೋ ವೇಳೆ ಅವನು ಕ್ರೀಡಾಂಗಣದಿಂದ ನೂರಾರು ಮೈಲಿ ದೂರದಲ್ಲಿ, ತನ್ನ ಮನೆಯಲ್ಲಿ ಕುಳಿತಿರುತ್ತಾನೆ. ಆದರೂ ತನ್ನ ಪಕ್ಷದ ಜೊತೆಯಾಟ ಕುದುರಿಕೊಂಡಿರುವಾಗ ಕುಳಿತ ಜಾಗವನ್ನು ಬಿಟ್ಟು ಏಳಬಾರದೆಂದೂ, ಹಿಂದಿನ ಪಂದ್ಯವನ್ನು ಗೆದ್ದ ದಿನ ತೊಟ್ಟಿದ್ದ ಅಂಗಿಯನ್ನೇ ಮತ್ತೆ ತೊಡಬೇಕೆಂದೂ, ಗೆಲುವು ಕೈಗೆ ಬರುವ ಮುನ್ನ ಅದನ್ನು ಬಾಯಿಬಿಟ್ಟು ಹೇಳಬಾರದೆಂದೂ ಅವನು ನಂಬುತ್ತಾನೆ. ಬೇರೆ ವಿಷಯಗಳಲ್ಲಿ ಶಕುನವನ್ನು ಲೆಕ್ಕಿಸದ ವಿದ್ಯಾವಂತರೂ ಪಂದ್ಯದ ದಿನ ಈ ನಿಯಮಗಳನ್ನು ಪಾಲಿಸುವುದುಂಟು.

ಇವುಗಳನ್ನು ಮೂಢನಂಬಿಕೆಗಳೆಂದು ಕರೆದು ಸುಮ್ಮನಾಗುವುದು ಸುಲಭ. ಕಾರ್ಯಕಾರಣ ದೃಷ್ಟಿಯಿಂದ ಅವು ನಿರಾಧಾರವಾದುವೆಂಬುದರಲ್ಲಿ ಸಂದೇಹವೂ ಇಲ್ಲ. ಆದರೆ ಸಮಾಜವನ್ನು ಅಭ್ಯಾಸ ಮಾಡುವವರು ಇಲ್ಲಿಗೇ ನಿಲ್ಲುವಂತಿಲ್ಲ. ಫಲ ಕೊಡದ ಆಚರಣೆ ತಲೆಮಾರುಗಳ ಕಾಲ ಏಕೆ ಉಳಿಯುತ್ತದೆ? ಒಬ್ಬನ ಮನಸ್ಸಿನಲ್ಲಿ ಹುಟ್ಟಿದ ಕಲ್ಪನೆ ಒಂದು ನಗರದ ರೂಢಿಯಾಗುವುದು ಹೇಗೆ? ಈ ಪ್ರಶ್ನೆಗಳನ್ನು ಕೆಲವು ನೈಜ ನಿದರ್ಶನಗಳ ಸಹಾಯದಿಂದ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಆಟಗಾರನ ಶಕುನ

ಶಕುನಾಚರಣೆಗಳನ್ನು ಕುರಿತು ಮಾನವಶಾಸ್ತ್ರದಲ್ಲಿ ಹೆಸರಾಗಿರುವ ವಿವರಣೆ ಬ್ರಾನಿಸ್ಲಾ ಮಲಿನೋಸ್ಕಿಯವರದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿದ್ದು ಅಧ್ಯಯನ ನಡೆಸಿದ ಅವರು, ೧೯೨೫ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಅಲ್ಲಿನ ಎರಡು ಬಗೆಯ ಮೀನುಗಾರಿಕೆಯನ್ನು ಹೋಲಿಸಿದರು. ದಡಕ್ಕೆ ಹೊಂದಿದ ಶಾಂತವಾದ ಹಿನ್ನೀರಿನಲ್ಲಿ ಮೀನು ಹಿಡಿಯುವುದು ಸುಲಭ, ಅಪಾಯರಹಿತ. ಅಲ್ಲಿ ಮಾಂತ್ರಿಕ ವಿಧಿಗಳಿರಲಿಲ್ಲ. ತೆರೆದ ಕಡಲಿನಲ್ಲಿ ಪ್ರಾಣಭಯವೂ ಫಲದ ಅನಿಶ್ಚಯವೂ ಇದ್ದುವು. ಅಲ್ಲಿ ವಿಧಿಗಳು ವಿಸ್ತಾರವಾಗಿದ್ದುವು. ಅರಿವು ಮತ್ತು ಕೌಶಲಗಳ ಎಲ್ಲೆ ಮುಗಿಯುವಲ್ಲಿ ಮಂತ್ರವಿಧಿ ಆರಂಭವಾಗುತ್ತದೆಂಬುದು ಇದರ ತಾತ್ಪರ್ಯ.

ಈ ಸೂತ್ರವನ್ನು ಕ್ರೀಡೆಗೆ ಅನ್ವಯಿಸಿದವರು ಅಮೆರಿಕದ ಮಾನವಶಾಸ್ತ್ರಜ್ಞ ಜಾರ್ಜ್ ಮೆಲ್ಚ್. ತಾವೇ ಬೇಸ್‌ಬಾಲ್ ಆಟಗಾರರಾಗಿದ್ದ ಅವರು ೧೯೭೧ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಆ ಆಟದ ಮೂರು ಕೆಲಸಗಳನ್ನು ಬೇರೆಬೇರೆಯಾಗಿ ನೋಡಿದರು. ಬಂದ ಚೆಂಡನ್ನು ಹಿಡಿದು ಎಸೆಯುವ ಕ್ಷೇತ್ರರಕ್ಷಣೆಯಲ್ಲಿ ಆಟಗಾರನು ನೂರಕ್ಕೆ ತೊಂಬತ್ತೇಳು ಸಲವಾದರೂ ಸಫಲನಾಗುತ್ತಾನೆ. ಬ್ಯಾಟುಗಾರನಾದರೋ ಹತ್ತರಲ್ಲಿ ಮೂರು ಸಲ ಸಫಲನಾದರೆ ಶ್ರೇಷ್ಠನೆನಿಸಿಕೊಳ್ಳುತ್ತಾನೆ. ಚೆಂಡೆಸೆಯುವವನ ಯಶಸ್ಸೂ ಅನೇಕ ವೇಳೆ ಅವನ ಕೈಮೀರಿದುದು. ಮಲಿನೋಸ್ಕಿಯವರ ಸೂತ್ರಕ್ಕೆ ಅನುಗುಣವಾಗಿ, ಶಕುನಾಚರಣೆಗಳು ಬ್ಯಾಟುಗಾರಿಕೆ ಮತ್ತು ಚೆಂಡೆಸೆತಗಳಲ್ಲಿ ಹೇರಳವಾಗಿದ್ದು ಕ್ಷೇತ್ರರಕ್ಷಣೆಯಲ್ಲಿ ಇಲ್ಲವೆನ್ನುವಷ್ಟು ವಿರಳವಾಗಿದ್ದುವು.

ಇಂಥ ನಂಬಿಕೆಗಳು ಅಂಕುರಿಸುವ ಬಗೆಯನ್ನು ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಅವರ ೧೯೪೮ರ ಪ್ರಯೋಗ ಸೂಚಿಸುತ್ತದೆ. ಎಂಟು ಪಾರಿವಾಳಗಳಿಗೆ, ಅವು ಏನು ಮಾಡುತ್ತಿದ್ದರೂ ಸರಿಯೇ, ನಿಗದಿಯಾದ ಅವಧಿಗೊಮ್ಮೆ ಆಹಾರ ದೊರೆಯುವಂತೆ ಅವರು ಏರ್ಪಡಿಸಿದರು. ಆಹಾರ ಬರುವ ಕ್ಷಣದಲ್ಲಿ ಆಕಸ್ಮಿಕವಾಗಿ ಮಾಡುತ್ತಿದ್ದ ಚಲನೆಯನ್ನೇ ಆರು ಪಾರಿವಾಳಗಳು ಮತ್ತೆ ಮತ್ತೆ ಮಾಡತೊಡಗಿದುವು. ಒಂದು ಅಪ್ರದಕ್ಷಿಣವಾಗಿ ಸುತ್ತುತ್ತಿತ್ತು, ಮತ್ತೊಂದು ಪಂಜರದ ಮೂಲೆಗೆ ತಲೆಯನ್ನು ಚಾಚುತ್ತಿತ್ತು. ಈ ಪ್ರಯೋಗದ ಅರ್ಥವಿವರಣೆಯನ್ನು ಅನಂತರದ ವಿಜ್ಞಾನಿಗಳು ಪ್ರಶ್ನಿಸಿದ್ದಾರೆ. ಆದರೂ ಕಾಕತಾಳೀಯವು ನಿಯಮವಾಗಿ ಕಾಣುವ ಬಗೆಗೆ ಅದು ಈಗಲೂ ಉತ್ತಮ ದೃಷ್ಟಾಂತವಾಗಿದೆ.

೨. ಪ್ರೇಕ್ಷಕನ ಶಕುನ

ಈ ವಿವರಣೆಗಳು ಆಟಗಾರನಿಗೆ ಹೊಂದುವಷ್ಟು ಪ್ರೇಕ್ಷಕನಿಗೆ ಹೊಂದುವುದಿಲ್ಲ. ಆಟಗಾರನ ಆಚರಣೆ ಅವನ ಭಯವನ್ನು ತಗ್ಗಿಸಿ ಕೈಯನ್ನು ಸ್ಥಿರಗೊಳಿಸಬಹುದು. ಪರೋಕ್ಷವಾಗಿಯಾದರೂ ಅದರಿಂದ ಪ್ರಯೋಜನವುಂಟು. ಮನೆಯಲ್ಲಿ ಕುಳಿತವನ ಆಚರಣೆಗೆ ಈ ಸಮರ್ಥನೆಯೂ ಇಲ್ಲ. ಮೇಲಾಗಿ, ಅವನ ಆಚರಣೆ ಒಂಟಿಯಾಗಿ ಉಳಿಯುವುದು ಕಡಮೆ. ಮನೆಯ ಸೋಫದ ಮೂಲೆಯಲ್ಲಿ ಆರಂಭವಾದ ನಿಯಮ ಮನೆಯವರಿಗೆಲ್ಲ ಅನ್ವಯವಾಗುತ್ತದೆ. ಎದ್ದುಹೋದ ತಮ್ಮನ ಮೇಲೆ ವಿಕೆಟ್ ಬಿದ್ದ ಅಪವಾದ ಬರುತ್ತದೆ. ಬಳಿಕ ಅದು ಬಂಧುಬಳಗದಲ್ಲಿ ನಗೆಯ ಕಥೆಯಾಗಿ ಉಳಿಯುತ್ತದೆ. ಕಥೆ ಉಳಿದುದರಿಂದಲೇ ಮುಂದಿನ ಪಂದ್ಯದ ದಿನ ತಮ್ಮನಿಗೆ ಆ ಮನೆಯಲ್ಲಿ ಒಂದು ನಿರ್ದಿಷ್ಟ ಸ್ಥಾನವಿರುತ್ತದೆ.

ಇಲ್ಲಿ ನಮಗೆ ನೆರವಾಗುವವರು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮೀಲ್ ದುರ್ಖೈಮ್. ಆಸ್ಟ್ರೇಲಿಯದ ಆದಿವಾಸಿಗಳ ಕುಲಲಾಂಛನಗಳನ್ನು ಕುರಿತು ೧೯೧೨ರಲ್ಲಿ ಅವರು ಪ್ರಕಟಿಸಿದ ಗ್ರಂಥದ ಪ್ರಕಾರ, ಜನ ಒಂದೆಡೆ ನೆರೆದು ಒಂದೇ ಗುರುತಿನ ಸುತ್ತ ಒಂದೇ ಬಗೆಯ ಕ್ರಿಯೆಯಲ್ಲಿ ತೊಡಗಿದಾಗ ಒಂದು ಸಾಮೂಹಿಕ ಆವೇಶ ಹುಟ್ಟುತ್ತದೆ. ಪ್ರತಿಯೊಬ್ಬನೂ ತನಗಿಂತ ದೊಡ್ಡದಾದ ಶಕ್ತಿಯೊಂದನ್ನು ಅನುಭವಿಸಿ, ಆ ಶಕ್ತಿ ಲಾಂಛನದಲ್ಲಿದೆಯೆಂದು ಭಾವಿಸುತ್ತಾನೆ. ವಾಸ್ತವವಾಗಿ ಅದು ನೆರೆದ ಸಮುದಾಯದ್ದೇ ಶಕ್ತಿ. ಈ ದೃಷ್ಟಿಯಿಂದ, ಆಚರಣೆಯ ಫಲವನ್ನು ಅದು ಹೇಳಿಕೊಳ್ಳುವ ಗುರಿಯಲ್ಲಿ ಹುಡುಕುವುದಕ್ಕಿಂತ ಆಚರಿಸುವವರ ಪರಸ್ಪರ ಸಂಬಂಧದಲ್ಲಿ ಹುಡುಕುವುದು ಯುಕ್ತ.

ಈ ವಾದವನ್ನು ಪರೀಕ್ಷಿಸುವ ಉಪಾಯವೊಂದುಂಟು. ಆಚರಣೆ ಕೇವಲ ಗೆಲುವಿಗಾಗಿಯೇ ಇದ್ದ ಪಕ್ಷದಲ್ಲಿ, ಅದರ ಮೂಲಕಥೆ ಸುಳ್ಳೆಂದು ತಿಳಿದಾಗ, ಅಥವಾ ಅದರ ಅರ್ಥಕ್ಕೆ ಆಧಾರವಾದ ಸನ್ನಿವೇಶ ಬದಲಾದಾಗ, ಅಥವಾ ಅದು ದೀರ್ಘಕಾಲ ವಿಫಲವಾದಾಗ ಅಳಿದುಹೋಗಬೇಕು. ಈ ಮೂರು ಸಂದರ್ಭಗಳಿಗೂ ಒಂದೊಂದು ನಿದರ್ಶನ ದೊರೆಯುತ್ತದೆ.

೩. ಮೂರು ನಿದರ್ಶನಗಳು

ಮೊದಲನೆಯದು ಕ್ರಿಕೆಟ್ಟಿನ ೧೧೧. ತಂಡದ ಅಥವಾ ಆಟಗಾರನ ಎಣಿಕೆ ಈ ಅಂಕದ ಮೇಲೆ ನಿಂತಾಗ ವಿಕೆಟ್ ಬೀಳುವುದೆಂಬ ನಂಬಿಕೆ ಇಂಗ್ಲೆಂಡಿನಲ್ಲಿ ಬೆಳೆದು ಆ ಆಟವಾಡುವ ಬೇರೆ ದೇಶಗಳಿಗೂ ಹರಡಿತು. ಈ ಅಂಕಕ್ಕೆ ಅಲ್ಲಿ 'ನೆಲ್ಸನ್' ಎಂದು ಹೆಸರು. ನೌಕಾಧಿಪತಿ ನೆಲ್ಸನ್ನನಿಗೆ ಒಂದು ಕಣ್ಣು, ಒಂದು ತೋಳು, ಒಂದು ಕಾಲು ಮಾತ್ರ ಉಳಿದಿದ್ದುವೆಂಬುದು ಅದರ ಹಿಂದಿನ ಕಥೆ. ಚರಿತ್ರೆಯ ಪ್ರಕಾರ ಅವನು ಒಂದು ಕಣ್ಣಿನ ದೃಷ್ಟಿಯನ್ನೂ, ೧೭೯೭ರಲ್ಲಿ ಬಲತೋಳನ್ನೂ ಕಳೆದುಕೊಂಡದ್ದು ನಿಜ. ಆದರೆ ೧೮೦೫ರಲ್ಲಿ ಟ್ರಫಾಲ್ಗರ್ ಕದನದಲ್ಲಿ ಮಡಿದಾಗ ಅವನ ಎರಡು ಕಾಲುಗಳೂ ಇದ್ದುವು. ಕಥೆ ಸುಳ್ಳಾದರೂ ರೂಢಿ ನಿಂತಿಲ್ಲ. ಇಂಗ್ಲೆಂಡಿನ ಅಂಪೈರ್ ಡೇವಿಡ್ ಷೆಫರ್ಡ್ (೧೯೪೦-೨೦೦೯) ಎಣಿಕೆ ೧೧೧, ೨೨೨ ಇತ್ಯಾದಿಗಳಲ್ಲಿ ನಿಂತಾಗಲೆಲ್ಲ ಒಂಟಿಕಾಲಿನಲ್ಲಿ ಕುಪ್ಪಳಿಸುತ್ತಿದ್ದರು. ಅದನ್ನು ನೋಡುವುದೇ ಪ್ರೇಕ್ಷಕರಿಗೆ ಒಂದು ಸಂಭ್ರಮವಾಗಿತ್ತು. ಅವರು ನಿಧನರಾದ ಎರಡು ವರ್ಷಗಳ ಮೇಲೆ, ೨೦೧೧ರ ನವೆಂಬರ್ ೧೧ರಂದು, ಕೇಪ್‌ಟೌನಿನಲ್ಲಿ ದಕ್ಷಿಣ ಆಫ್ರಿಕ ಮತ್ತು ಆಸ್ಟ್ರೇಲಿಯಗಳ ನಡುವೆ ಟೆಸ್ಟ್ ಪಂದ್ಯ ನಡೆಯುತ್ತಿತ್ತು. ಬೆಳಗ್ಗೆ ೧೧ ಗಂಟೆ ೧೧ ನಿಮಿಷಕ್ಕೆ ಸರಿಯಾಗಿ ದಕ್ಷಿಣ ಆಫ್ರಿಕದ ಗೆಲುವಿಗೆ ೧೧೧ ಓಟಗಳು ಬೇಕಾಗಿದ್ದುವು. ನೆರೆದ ಪ್ರೇಕ್ಷಕರಲ್ಲಿ ಬಹುಮಂದಿಯೂ, ಅಂಪೈರ್ ಇಯಾನ್ ಗೌಲ್ಡ್ ಅವರೂ ಆ ನಿಮಿಷ ಒಂಟಿಕಾಲಿನಲ್ಲಿ ನಿಂತರು. ಅಲ್ಲಿ ನಿಂತವರೆಲ್ಲ ಶಕುನಕ್ಕೆ ಹೆದರಿದವರೆನ್ನುವಂತಿಲ್ಲ. ಅಪರಿಚಿತರು ಒಂದು ನಿಮಿಷದ ಮಟ್ಟಿಗೆ ಒಂದೇ ಹಾಸ್ಯದಲ್ಲಿ ಪಾಲುಗಾರರಾದರು. ಪೂರ್ಣವಾಗಿ ನಂಬದೆಯೂ ಆಚರಿಸಬಹುದೆಂಬುದನ್ನು ಈ ಪ್ರಸಂಗ ಸ್ಪಷ್ಟಪಡಿಸುತ್ತದೆ.

ಎರಡನೆಯದು ಅಮೆರಿಕದ ಡೆಟ್ರಾಯಿಟ್ ನಗರದ್ದು. ಅಲ್ಲಿನ ರೆಡ್ ವಿಂಗ್ಸ್ ಐಸ್ ಹಾಕಿ ತಂಡ ಸ್ಟ್ಯಾನ್ಲಿ ಕಪ್‌ಗಾಗಿ ಹೋರಾಡುತ್ತಿದ್ದಾಗ, ೧೯೫೨ರ ಏಪ್ರಿಲ್ ೧೫ರಂದು, ಮೀನಿನ ವ್ಯಾಪಾರಿಗಳಾದ ಪೀಟ್ ಮತ್ತು ಜೆರಿ ಕುಸಿಮಾನೊ ಎಂಬ ಸೋದರರು ಮೈದಾನದ ಮಂಜುಗಡ್ಡೆಯ ಮೇಲೆ ಆಕ್ಟೊಪಸ್ ಒಂದನ್ನು ಎಸೆದರು. ಆ ಕಾಲದಲ್ಲಿ ಕಪ್ ಗೆಲ್ಲಲು ಕೊನೆಯ ಎರಡು ಸುತ್ತುಗಳಲ್ಲಿ ಒಟ್ಟು ಎಂಟು ಪಂದ್ಯಗಳನ್ನು ಗೆಲ್ಲಬೇಕಾಗಿತ್ತು. ಆ ಕಡಲಜೀವಿಗೆ ಎಂಟು ತೋಳುಗಳು. ರೆಡ್ ವಿಂಗ್ಸ್ ಒಂದನ್ನೂ ಸೋಲದೆ ಎಂಟನ್ನೂ ಗೆದ್ದು ಕಪ್ ಪಡೆಯಿತು, ಆಚರಣೆ ಬೇರೂರಿತು. ಕ್ರಮೇಣ ತಂಡಗಳ ಸಂಖ್ಯೆ ಹೆಚ್ಚಿತು, ಸುತ್ತುಗಳು ಹೆಚ್ಚಿದುವು. ೧೯೮೭ರಿಂದ ಕಪ್ ಗೆಲ್ಲಲು ಹದಿನಾರು ಗೆಲುವುಗಳು ಬೇಕಾದುವು. ಎಂಟು ತೋಳುಗಳಿಗೂ ಎಂಟು ಗೆಲುವುಗಳಿಗೂ ಇದ್ದ ಸಾಮ್ಯ ಹೀಗೆ ಕಡಿದುಹೋಯಿತು. ಆಕ್ಟೊಪಸ್ ಎಸೆಯುವುದು ಮಾತ್ರ ನಿಲ್ಲಲಿಲ್ಲ. ತಂಡವು ಅದನ್ನೇ ತನ್ನ ಲಾಂಛನವನ್ನಾಗಿ ಮಾಡಿಕೊಂಡಿತು. ಎಸೆಯುವ ಮುನ್ನ ಅದನ್ನು ಬೇಯಿಸಿಕೊಳ್ಳಬೇಕು, ಆಟಗಾರರಿಗೆ ತಗುಲದಂತೆ ಎಸೆಯಬೇಕು ಎಂಬಿತ್ಯಾದಿ ವಿಧಿನಿಷೇಧಗಳೂ ಬೆಳೆದುವು. ಮೂಲಾರ್ಥ ಅಳಿದ ಮೇಲೆ ವಿಧಿಗಳು ಹೀಗೆ ವಿಸ್ತಾರವಾಗುವುದು ನಮ್ಮ ಜಾತ್ರೆ ಹಬ್ಬಗಳ ಆಚರಣೆಗಳನ್ನು ಬಲ್ಲವರಿಗೆ ಹೊಸ ಸಂಗತಿಯೇನಲ್ಲ. ಈಗ ಆಕ್ಟೊಪಸ್ಸಿನ ಅರ್ಥ, "ನಾವು ಡೆಟ್ರಾಯಿಟಿನವರು" ಎಂಬಷ್ಟೇ.

ಮೂರನೆಯದು ಚಿಕಾಗೊ ನಗರದ ಕಬ್ಸ್ ಬೇಸ್‌ಬಾಲ್ ತಂಡದ ಕಥೆ. ಇದು ಸೋಲಿನ ಕಥೆಯಾದುದರಿಂದ ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದುದು. ೧೯೦೮ರಲ್ಲಿ ಆ ದೇಶದ ಅತ್ಯುನ್ನತ ಸ್ಪರ್ಧೆಯಾದ 'ವರ್ಲ್ಡ್ ಸೀರೀಸ್' ಅನ್ನು ಗೆದ್ದಿದ್ದ ತಂಡಕ್ಕೆ ಮತ್ತೆ ಗೆಲುವು ಒಲಿದಿರಲಿಲ್ಲ. ೧೯೪೫ರ ಸ್ಪರ್ಧೆಯ ಪಂದ್ಯವೊಂದಕ್ಕೆ ಪಾನಗೃಹದ ಒಡೆಯ ವಿಲಿಯಂ ಸಿಯಾನಿಸ್ ಎಂಬಾತ ತನ್ನ ಮೇಕೆಯೊಡನೆ ಬಂದನೆಂದೂ, ಮೇಕೆಯ ದುರ್ವಾಸನೆಯ ಕಾರಣದಿಂದ ಹೊರಗೆ ಕಳುಹಿಸಲ್ಪಟ್ಟು ಕಬ್ಸ್ ಇನ್ನು ಗೆಲ್ಲದೆಂದು ಶಪಿಸಿದನೆಂದೂ ಪ್ರತೀತಿ. ಈ ಕಥೆಗೆ ಹಲವು ಪಾಠಾಂತರಗಳಿವೆ. ಆ ವರ್ಷ ಕಬ್ಸ್ ಸೋತಿತು. ಮುಂದಿನ ಎಪ್ಪತ್ತು ವರ್ಷ ಅಂತಿಮ ಸ್ಪರ್ಧೆಯನ್ನೇ ತಲುಪಲಿಲ್ಲ. ಶಾಪವಿಮೋಚನೆಗೆಂದು ೧೯೮೪ರಲ್ಲಿ ಸಿಯಾನಿಸನ ವಂಶದವರನ್ನೇ ಕರೆಸಿ ಮೈದಾನದೊಳಕ್ಕೆ ಮೇಕೆಯನ್ನು ಬರಮಾಡಿಕೊಂಡದ್ದೂ ಉಂಟು.

ವಿಫಲವಾದ ತಂಡದ ಬಳಿ ಜನ ಏಕೆ ಉಳಿದರು? ಶಾಪದ ಕಥೆ ಅವರಿಗೆ ಸೋಲನ್ನು ಸಹ್ಯವಾಗಿಸಿತು. ಬಿಡಿಬಿಡಿಯಾದ ಸೋಲುಗಳನ್ನು ಒಂದೇ ಆಖ್ಯಾನದಲ್ಲಿ ಪೋಣಿಸಿತು. ತಾತ ಕಂಡ ಸೋಲು, ತಂದೆ ಕಂಡ ಸೋಲು, ತಾನು ಕಂಡ ಸೋಲು ಒಂದೇ ಕಥೆಯ ಅಧ್ಯಾಯಗಳಾದುವು. ತಂಡದ ಅಭಿಮಾನ ಪಿತ್ರಾರ್ಜಿತವಾಯಿತು. ೨೦೧೬ರಲ್ಲಿ, ನೂರೆಂಟು ವರ್ಷಗಳ ಮೇಲೆ, ಕ್ಲೀವ್‌ಲ್ಯಾಂಡ್ ತಂಡದೊಡನೆ ನಡೆದ ಏಳನೆಯ ಪಂದ್ಯವನ್ನು ೮-೭ರಿಂದ ಗೆದ್ದು ಕಬ್ಸ್ ಪುನಃ ಪ್ರಶಸ್ತಿಯನ್ನು ಪಡೆಯಿತು. ಆ ದಿನಗಳಲ್ಲಿ ಅಭಿಮಾನಿಗಳು ಮಾಡಿದ ಒಂದು ಕಾರ್ಯ ಗಮನಾರ್ಹವಾದುದು. ತಮ್ಮ ಕ್ರೀಡಾಂಗಣವಾದ ರಿಗ್ಲಿ ಫೀಲ್ಡಿನ ಇಟ್ಟಿಗೆಯ ಗೋಡೆಗಳ ಮೇಲೆ, ಈ ಗೆಲುವನ್ನು ಕಾಣದೆ ತೀರಿಕೊಂಡ ತಂದೆ, ತಾಯಿ, ಅಜ್ಜ, ಅಜ್ಜಿಯರ ಹೆಸರುಗಳನ್ನು ಸೀಮೆಸುಣ್ಣದಿಂದ ಬರೆದರು. ಗೋಡೆಗಳು ಕೈಯೆಟುಕುವಷ್ಟು ಎತ್ತರಕ್ಕೂ ತುಂಬಿದುವು. ಯಾರೂ ವಿಧಿಸದೆ ಹುಟ್ಟಿದ ಈ ಆಚರಣೆಯಲ್ಲಿ ಗೆಲುವನ್ನು ಬೇಡುವ ಅಂಶವೇ ಇರಲಿಲ್ಲ. ಪಿತೃಗಳನ್ನು ನೆನೆದು ಶುಭಕಾರ್ಯವನ್ನು ಆರಂಭಿಸುವ ನಾಂದಿಯ ಕಲ್ಪನೆ ಇರುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

೪. 'ನಮ್ದೇ' ಎಂಬ ಪದ

ಸಮುದಾಯಭಾವದ ಅಳತೆಗೆ ಭಾಷೆಯೂ ಒಂದು ಸಾಧನ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಿಯಾಲ್ಡಿನಿ ಮತ್ತು ಅವರ ಸಹೋದ್ಯೋಗಿಗಳು ೧೯೭೬ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಪ್ರಸಿದ್ಧ. ತಮ್ಮ ತಂಡ ಗೆದ್ದ ಮರುವಾರದ ಸೋಮವಾರ ಏಳು ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು ವಿಶ್ವವಿದ್ಯಾನಿಲಯದ ಗುರುತುಳ್ಳ ಉಡುಪನ್ನು ಹೆಚ್ಚಾಗಿ ತೊಟ್ಟು ಬರುತ್ತಿದ್ದರು. ಪಂದ್ಯವನ್ನು ವರ್ಣಿಸುವಾಗಲೂ ಗೆಲುವಿನ ಸಂದರ್ಭದಲ್ಲಿ 'ನಾವು' ಎಂಬ ಪದ ಸೋಲಿನ ಸಂದರ್ಭಕ್ಕಿಂತ ಹೆಚ್ಚಾಗಿ ಬರುತ್ತಿತ್ತು. ನಮ್ಮಲ್ಲಿಯೂ "ಗೆದ್ದೆವು", "ಸೋತರು" ಎಂಬ ಕ್ರಿಯಾಪದಗಳ ಪುರುಷಭೇದವನ್ನು ಗಮನಿಸಿದರೆ ಈ ಪ್ರವೃತ್ತಿ ಕಾಣುತ್ತದೆ. ಆದುದರಿಂದ, ಸೋತ ದಿನವೂ 'ನಾವು' ಎನ್ನುವವನೇ ನಿಜವಾದ ಸದಸ್ಯನೆನ್ನಬಹುದು.

ಈ ಮಾನದಂಡದಿಂದ ನೋಡಿದರೆ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದ ಅಭಿಮಾನಿಗಳ ಘೋಷವಾದ "ಈ ಸಲ ಕಪ್ ನಮ್ದೇ" ಎಂಬುದು ವಿವೇಚನೆಗೆ ಯೋಗ್ಯವಾದ ವಾಕ್ಯ. ೨೦೦೮ರಲ್ಲಿ ಆರಂಭವಾದ ಐಪಿಎಲ್ ಪಂದ್ಯಾವಳಿಯಲ್ಲಿ ಈ ತಂಡ ೨೦೦೯, ೨೦೧೧ ಮತ್ತು ೨೦೧೬ರ ಅಂತಿಮ ಪಂದ್ಯಗಳಲ್ಲಿ ಸೋತಿತು; ಕೊನೆಯದು ಸ್ವಂತ ಮೈದಾನದಲ್ಲಿಯೇ ಎಂಟು ಓಟಗಳ ಅಂತರದಿಂದ ಬಂದ ಸೋಲು. ವರ್ಷವರ್ಷವೂ ಸುಳ್ಳಾಗುತ್ತಿದ್ದ ಈ ಘೋಷ ಪರರ ಹಾಸ್ಯಕ್ಕೆ ವಸ್ತುವಾಯಿತು. ಅದನ್ನು ನುಡಿಯುವುದೇ ಅಪಶಕುನವೆಂದು ಭಾವಿಸಿದ ಅಭಿಮಾನಿಗಳೂ ಇದ್ದರು. ಆದರೂ ಘೋಷ ಅಡಗಲಿಲ್ಲ. ವಾಕ್ಯದ ರಚನೆಯನ್ನು ನೋಡಿದರೆ, ಅದು ತಂಡವನ್ನು ಕುರಿತ ಭವಿಷ್ಯವಾಣಿಯಾಗಿರುವಂತೆ ಮಾತನಾಡುವವರನ್ನು ಕುರಿತ ಘೋಷಣೆಯೂ ಆಗಿದೆ. 'ಅವರದು' ಎನ್ನದೆ 'ನಮ್ಮದು' ಎಂದಿರುವುದರಿಂದ ಆಟಗಾರ, ಹೇಳುವವ, ಕೇಳುವವ ಮೂವರೂ ಒಂದೇ ಸರ್ವನಾಮದೊಳಗೆ ಬರುತ್ತಾರೆ. ಕೊನೆಯ ಅವಧಾರಣೆಯ 'ಏ'ಕಾರ ಸಂದೇಹಕ್ಕೆ ಎಡೆಗೊಡುವುದಿಲ್ಲ. ಕೇಳುವವನನ್ನು ಒಳಗೊಳ್ಳುವ 'ನಾವು' ಮತ್ತು ಹೊರಗಿಡುವ 'ನಾವು' ಎಂಬ ಭೇದ ತಮಿಳು ತೆಲುಗುಗಳಲ್ಲಿ ಉಂಟು, ಇಂದಿನ ಕನ್ನಡದಲ್ಲಿ ಇಲ್ಲ. ಕನ್ನಡವನ್ನು ಅರಿಯದ ಆಟಗಾರರೂ ಪ್ರೇಕ್ಷಕರೂ ಈ ವಾಕ್ಯವನ್ನು ಕಲಿತು ನುಡಿದು ಆ 'ನಾವು' ಎಂಬುದರೊಳಗೆ ಸುಲಭವಾಗಿ ಪ್ರವೇಶಿಸಿದರು. ನಾನಾ ಪ್ರಾಂತಗಳ ಜನ ನೆಲಸಿರುವ ನಗರದಲ್ಲಿ ಇದು ಅಲ್ಪವಾದ ಸಂಗತಿಯಲ್ಲ.

೨೦೨೪ರ ಮಾರ್ಚಿಯಲ್ಲಿ ಮಹಿಳೆಯರ ತಂಡ ತನ್ನ ಪಂದ್ಯಾವಳಿಯನ್ನು ಗೆದ್ದಾಗ ಘೋಷ ಮೊದಲ ಬಾರಿಗೆ ನಿಜವಾಯಿತು. ೨೦೨೫ರ ಪುರುಷರ ಪಂದ್ಯಾವಳಿ ಹದಿನೆಂಟನೆಯದು. ವಿರಾಟ್ ಕೊಹ್ಲಿಯವರ ಅಂಗಿಯ ಸಂಖ್ಯೆಯೂ ಹದಿನೆಂಟು. ಅಭಿಮಾನಿಗಳು ಇದನ್ನು ಶುಭಶಕುನವೆಂದು ಗ್ರಹಿಸಿದರು. ಜೂನ್ ೩ರಂದು ಅಹಮದಾಬಾದಿನಲ್ಲಿ ತಂಡ ಪಂಜಾಬನ್ನು ಆರು ಓಟಗಳಿಂದ ಸೋಲಿಸಿತು. ಗೆಲ್ಲದಿದ್ದ ಹದಿನೇಳು ವರ್ಷಗಳಲ್ಲಿ ಇಂಥ ಎಷ್ಟು ಶಕುನಗಳು ಹುಟ್ಟಿ ಮರೆತುಹೋದುವೆಂಬುದನ್ನು ಯಾರೂ ಲೆಕ್ಕವಿಡುವುದಿಲ್ಲ. ಫಲಿಸಿದ್ದು ಮಾತ್ರ ನೆನಪಿನಲ್ಲಿ ನಿಲ್ಲುತ್ತದೆ. ಶಕುನದ ತರ್ಕದ ದೋಷವೂ ಇದೇ, ಅದರ ದೀರ್ಘಾಯುಷ್ಯದ ಗುಟ್ಟೂ ಇದೇ.

೫. ಸಮುದಾಯದ ಇನ್ನೊಂದು ಮುಖ

ಇಷ್ಟು ಹೇಳಿದ ಮಾತ್ರಕ್ಕೆ ಈ ಸಮುದಾಯಭಾವ ಯಾವಾಗಲೂ ಹಿತಕರವೆಂದು ಭಾವಿಸಬಾರದು. ಪ್ರೇಕ್ಷಕನ ಆಚರಣೆ ಪಂದ್ಯವನ್ನು ಗೆಲ್ಲಿಸಬಲ್ಲುದೆಂದು ಲಘುವಾಗಿಯಾದರೂ ಒಪ್ಪಿದರೆ, ಪ್ರೇಕ್ಷಕನ ಅಪಚಾರ ಅದನ್ನು ಸೋಲಿಸಬಲ್ಲುದೆಂದೂ ಒಪ್ಪಿದಂತಾಗುತ್ತದೆ. ಇದರ ಫಲ ೨೦೦೩ರ ಅಕ್ಟೋಬರ್ ೧೪ರಂದು ಚಿಕಾಗೊವಿನಲ್ಲಿ ಕಂಡಿತು. ಕಬ್ಸ್ ಅಂತಿಮ ಸ್ಪರ್ಧೆಗೆ ಅರ್ಹತೆ ಪಡೆಯಲು ಇನ್ನು ಐವರು ಎದುರಾಳಿಗಳನ್ನು ಔಟ್ ಮಾಡಿದರೆ ಸಾಕಾಗಿದ್ದಾಗ, ಮೈದಾನದ ಅಂಚಿನಲ್ಲಿ ಬೀಳುತ್ತಿದ್ದ ಚೆಂಡಿಗೆ ಒಬ್ಬ ಪ್ರೇಕ್ಷಕನ ಕೈ ತಗುಲಿತು. ಅವನ ಸುತ್ತ ಇದ್ದ ಹಲವರೂ ಅದೇ ಚೆಂಡಿಗೆ ಕೈ ಚಾಚಿದ್ದರು. ಅನಂತರ ಆಟಗಾರರು ಮಾಡಿದ ತಪ್ಪುಗಳಿಂದ ಎದುರಾಳಿಗಳು ಒಂದೇ ಸರದಿಯಲ್ಲಿ ಎಂಟು ಅಂಕಗಳನ್ನು ಗಳಿಸಿದರು. ಜನ ಮಾತ್ರ ಆ ಒಬ್ಬನನ್ನೇ ಹೊಣೆಗಾರನನ್ನಾಗಿ ಮಾಡಿ, ಬೈಗುಳ ಸುರಿದು ವಸ್ತುಗಳನ್ನೆಸೆದರು. ಅವನನ್ನು ಕಾವಲಿನಲ್ಲಿ ಹೊರಗೆ ಕರೆದೊಯ್ಯಬೇಕಾಯಿತು, ಮುಂದೆ ಅವನು ಸಾರ್ವಜನಿಕ ಜೀವನದಿಂದಲೇ ಮರೆಯಾದ. ಒಂದು ಲಕ್ಷ ಡಾಲರಿಗೂ ಮಿಕ್ಕ ಬೆಲೆಗೆ ಹರಾಜಾದ ಆ ಚೆಂಡನ್ನು ೨೦೦೪ರ ಫೆಬ್ರವರಿಯಲ್ಲಿ ಬಹಿರಂಗವಾಗಿ ಸ್ಫೋಟಿಸಿ ನಾಶಪಡಿಸಲಾಯಿತು. ಶಾಪಕ್ಕೆ ಹರಕೆಯ ಕುರಿ ಬೇಕಾಗಿತ್ತು. ಒಬ್ಬ ಸಾಧಾರಣ ಅಭಿಮಾನಿ ಅದಾದನು. ೨೦೧೭ರಲ್ಲಿ ತಂಡವು ತನ್ನ ವಿಜಯದ ಉಂಗುರವೊಂದನ್ನು ಅವನಿಗೆ ಕೊಟ್ಟು ಅವನನ್ನು ಮರಳಿ ತನ್ನವನನ್ನಾಗಿ ಮಾಡಿಕೊಂಡಿತು. ನಡುವೆ ಹದಿಮೂರು ವರ್ಷಗಳಿಗೂ ಹೆಚ್ಚು ಕಾಲ ಸಂದಿತ್ತು.

ಬೆಂಗಳೂರಿನಲ್ಲಿ ನಡೆದುದು ಇದಕ್ಕಿಂತ ದಾರುಣವಾದುದು. ಗೆಲುವಿನ ಮರುದಿನ, ೨೦೨೫ರ ಜೂನ್ ೪ರಂದು, ತಂಡವನ್ನು ಕಣ್ಣಾರೆ ಕಾಣಲು ಲಕ್ಷಾಂತರ ಜನ ಬಂದರು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹಿಡಿಸುವವರು ಸುಮಾರು ಮೂವತ್ತೈದು ಸಾವಿರ. ಅದರ ದ್ವಾರಗಳ ಬಳಿ ಉಂಟಾದ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಪ್ರಾಣ ಕಳೆದುಕೊಂಡರು, ಅನೇಕರು ಗಾಯಗೊಂಡರು. ಆ ಜನ ಬಂದುದಕ್ಕೆ ಮೂಢತನವೇ ಕಾರಣವೆನ್ನುವುದು ಅನ್ಯಾಯ. 'ನಮ್ಮದು' ಎಂದು ವರ್ಷಗಟ್ಟಲೆ ನುಡಿದವರು, ಕಪ್ ಊರಿಗೆ ಬಂದ ದಿನ ಅದನ್ನು ನೋಡಲು ಬಾರದಿರುವುದು ಹೇಗೆ? ದುರ್ಖೈಮ್ ಹೇಳಿದ ಆವೇಶಕ್ಕೆ ತನ್ನ ಗಾತ್ರದ ಅರಿವಿರುವುದಿಲ್ಲ. ಜಾತ್ರೆಯ ತೇರಿಗೆ ದಾರಿ, ಹೊತ್ತು, ಹಗ್ಗ ಹಿಡಿಯುವವರು, ಗಾಲಿಗೆ ಸನ್ನೆ ಕೊಡುವವರು ಎಲ್ಲವೂ ಗೊತ್ತಾಗಿರುವುದು ತಲೆಮಾರುಗಳ ಅನುಭವದಿಂದ. ಹೊಸದಾಗಿ ಹುಟ್ಟಿದ ಈ ಸಮುದಾಯಕ್ಕೆ ಅಂಥ ಕಟ್ಟಳೆಗಳು ಇನ್ನೂ ಬೆಳೆದಿರಲಿಲ್ಲ. ಅದನ್ನು ಕರೆಯುವವರೂ ಕೂಡಿಸುವವರೂ ಆ ಕಟ್ಟಳೆಗಳನ್ನು ಒದಗಿಸುವ ಹೊಣೆಯನ್ನು ಹೊರಬೇಕು.

ಮೇಲಿನ ವಿವೇಚನೆಯಿಂದ ತೋರುವುದೇನೆಂದರೆ, ಪ್ರೇಕ್ಷಕರ ಶಕುನಾಚರಣೆಗಳು ಪಂದ್ಯವನ್ನು ಗೆಲ್ಲಿಸಲಾರವಾದರೂ, ಪಂದ್ಯದಲ್ಲಿ ಏನನ್ನೂ ಮಾಡಲಾರದವರಿಗೆ ಒಂದು ಪಾಲನ್ನು ಕೊಡುತ್ತವೆ. ಆ ಪಾಲಿನ ಮೂಲಕ ಅವರನ್ನು ಪರಸ್ಪರ ಬಂಧುಗಳನ್ನಾಗಿ ಮಾಡುತ್ತವೆ. ಈ ಬಂಧುತ್ವ ನಿಜವಾದುದರಿಂದಲೇ ಅದರ ಹೊಣೆಯೂ ನಿಜವಾದುದು. ಕನ್ನಡನಾಡಿನಲ್ಲಿ ಈ ವಿಷಯದ ಸಾಮಗ್ರಿ ವಿಪುಲವಾಗಿದೆ. ಕಬಡ್ಡಿ, ಕುಸ್ತಿ, ಕಂಬಳ, ಹಾಕಿ, ಕ್ರಿಕೆಟ್ಟುಗಳ ಪ್ರೇಕ್ಷಕರು ಪಾಲಿಸುವ ನಿಯಮಗಳು, ಹೊರುವ ಹರಕೆಗಳು, ಕೂಗುವ ಘೋಷಗಳು, ಸೋತ ದಿನದ ಮಾತುಗಳು ಇವನ್ನು ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಸಂಗ್ರಹಿಸಬಹುದು. ಸಂಗ್ರಹಿಸುವಾಗ, "ಇದನ್ನು ನೀವು ನಂಬುತ್ತೀರಾ?" ಎಂದು ಕೇಳುವುದರೊಡನೆ, "ಇದನ್ನು ನಿಮಗೆ ಕಲಿಸಿದವರು ಯಾರು, ಯಾರೊಡನೆ ಮಾಡುತ್ತೀರಿ?" ಎಂದೂ ಕೇಳುವುದು ಅವಶ್ಯಕ. ಎರಡನೆಯ ಪ್ರಶ್ನೆಗೆ ಬರುವ ಉತ್ತರವೇ ಹೆಚ್ಚು ದೀರ್ಘವಾಗಿರುವ ಸಂಭವವುಂಟು.